ಮೀನಿನ ಪೆಟ್ಟಿಗೆಯೊಳಗೆ 4 ಕಿಲೋಮೀಟರ್

ಊರಲ್ಲಿ ಯಕ್ಷಗಾನದ ಮೈಕ್ ಸ್ಪೀಕರಿನ ಎದುರಿಗೆ ಬಂದರೆ ‘ಕುಂಯ್ಯ್’ ಅಂತ ಕಿರುಚುತ್ತದಲ್ಲ, ಪಿಎಚ್‌ಡಿ ಹೆಸರಿನಲ್ಲಿ ಎರಡು ವರ್ಷದಿಂದ ನಾನು ಮಾಡುತ್ತಿರುವುದು ಹೆಚ್ಚುಕಮ್ಮಿ ಅದೇ. ಕಿರುಚಾಟ ಮಾತ್ರ 10 ಗಿಗಾಹರ್ಟ್ಸ್‌ನಲ್ಲಿ.

ಲೇಸರಿನ ಬೆಳಕು ಮಾಡ್ಯುಲೇಟರ್ (ವಿದ್ಯುತ್ ಸಿಗ್ನಲ್‌ಗೆ ತಕ್ಕಂತೆ ಬೆಳಕನ್ನು ಏರಿಳಿಸುವ ಸಾಧನ) ದಾಟಿ, 4 ಕಿಲೋಮೀಟರ್ ಫೈಬರ್ ಸುತ್ತಿ, ಫೋಟೋಡಿಟೆಕ್ಟರ್‌ಗೆ ಬಂದು ಕರೆಂಟಾಗುತ್ತದೆ. ಅದನ್ನು ಫಿಲ್ಟರ್ ಮಾಡಿ, ಆಂಪ್ಲಿಫೈಯರ್‌ನಲ್ಲಿ ಹಿಗ್ಗಿಸಿ, ಅದೇ ಮಾಡ್ಯುಲೇಟರ್‌ಗೆ ವಾಪಸ್ ಕೊಟ್ಟರೆ ತಾನಾಗಿಯೇ ಕೂಗತೊಡಗುತ್ತದೆ. ಇದೇ ಆಪ್ಟೋಎಲೆಕ್ಟ್ರಾನಿಕ್ ಆಸಿಲೇಟರ್. ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿದ್ದ ಸ್ಟೀವ್ ಯಾವೊ, ಲೂಟ್ ಮಲೆಕಿ 1996ರಲ್ಲಿ ಇದರ ಬಗ್ಗೆ ಬರೆದ ಪೇಪರ್ ನನ್ನ ಮೇಜಿನ ಮೇಲೆ ಕಾಫಿ ಕಲೆ ಹೊತ್ತು ಕೂತಿದೆ. ದಾರಿ ಉದ್ದವಾದಷ್ಟೂ ಸಿಗ್ನಲ್ ಶುದ್ಧ, ಅಂದರೆ ಅಕ್ಕಪಕ್ಕದ ಗದ್ದಲವಿಲ್ಲದ ಒಂದೇ ಸ್ವರ. ರೇಡಾರ್‌ನವರಿಗೆ ಬೇಕಿರುವುದು ಆ ಶುದ್ಧಿಯೇ. ತಾಮ್ರದ ಕೇಬಲ್‌ನಲ್ಲಿ ಇಷ್ಟು ದೂರ ಕಳಿಸಿದರೆ ಆ ತುದಿಯಲ್ಲಿ ಏನೂ ಉಳಿಯುವುದಿಲ್ಲ. ಫೈಬರ್‌ನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟ ಅಷ್ಟೆ, ಹೊರಟ ಬೆಳಕಿನ ಶೇ. 80ಕ್ಕೂ ಹೆಚ್ಚು ಪಾಲು ತಲುಪುತ್ತದೆ.

ನನ್ನದು ಶುದ್ಧವಾಗಿಯೇ ಇತ್ತು. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನ ಪರದೆಯ ಮೇಲೆ ಸೂಜಿಯಂಥ ಗೆರೆ, ನೋಡನೋಡುತ್ತ ಎಡಕ್ಕೆ ಜಾರುವುದು, ಮತ್ತೆ ಬಲಕ್ಕೆ. ಲೇಸರ್ ಬದಲಿಸಿದೆ. ಮಾಡ್ಯುಲೇಟರಿಗೆ ಕೊಡುವ ಸ್ಥಿರ ವೋಲ್ಟೇಜ್, ಅಂದರೆ ಬಯಾಸ್ ಮೇಲೆ ಮೂರು ವಾರ ಅನುಮಾನಪಟ್ಟೆ (ಪಾಪ, ಅದರ ತಪ್ಪೇನೂ ಇರಲಿಲ್ಲ). ಕೊನೆಗೆ ರಾತ್ರಿಯಿಡೀ 10 ಸೆಕೆಂಡಿಗೊಮ್ಮೆ ಫ್ರೀಕ್ವೆನ್ಸಿ ಬರೆದಿಡಲು ಒಂದು ಸ್ಕ್ರಿಪ್ಟ್ ಓಡಿಸಿ ಮನೆಗೆ ಹೋದೆ. ಬೆಳಗ್ಗೆ ಬಂದು ಗ್ರಾಫ್ ತೆಗೆದರೆ ಅಲೆ ಅಲೆ. 18 ನಿಮಿಷಕ್ಕೊಂದು ಅಲೆ. ತಲೆಯೆತ್ತಿದೆ. ಮೇಲೆ ಎಸಿಯ ಕಂಪ್ರೆಸರ್ ‘ಟಕ್’ ಅಂತ ಆನ್ ಆಯಿತು.

ಖಚಿತ ಮಾಡಿಕೊಳ್ಳಲು ತಿಂಡಿ ತಟ್ಟೆಯಷ್ಟಗಲದ ಆ ಫೈಬರ್ ಸುರುಳಿಯ ಮೇಲೆ ಅಂಗೈ ಇಟ್ಟೆ. ಗೆರೆ ಎಡಕ್ಕೆ ಹೊರಟಿತು. ಕೈ ತೆಗೆದೆ, ನಿಧಾನಕ್ಕೆ ವಾಪಸ್ ಬಂತು. ಒಂದು ಡಿಗ್ರಿ ಬಿಸಿಯಾದರೆ ಫೈಬರ್ ದಾಟಲು ಬೆಳಕಿಗೆ ಹಿಡಿಯುವ ಹೊತ್ತು ಹತ್ತು ಲಕ್ಷದಲ್ಲಿ ಏಳೆಂಟು ಪಾಲಿನಷ್ಟು ಹೆಚ್ಚುತ್ತದೆ. ಏನು ಮಹಾ ಅನ್ನಿಸುತ್ತದೆ. 10 ಗಿಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ 70 ಕಿಲೋಹರ್ಟ್ಸ್ ದಾಟುತ್ತದೆ. ನನ್ನ ಲೂಪ್‌ನಲ್ಲಿ ಒಂದು ಮೋಡ್‌ಗೂ (ಲೂಪ್ ಕೂಗಬಲ್ಲ ಒಂದು ಫ್ರೀಕ್ವೆನ್ಸಿ) ಪಕ್ಕದ್ದಕ್ಕೂ ಇರುವ ಅಂತರವೇ 50 ಕಿಲೋಹರ್ಟ್ಸ್. ಆಸಿಲೇಟರ್ ಕಟ್ಟಲು ಹೋಗಿ ಲಕ್ಷಗಟ್ಟಲೆ ಬೆಲೆಯ ಥರ್ಮಾಮೀಟರ್ ಕಟ್ಟಿದ್ದೆ.

ಟೆಂಪರೇಚರ್ ಚೇಂಬರ್‌ಗೆ ಅರ್ಜಿ ಹಾಕಿದರೆ ಮುಂದಿನ ವರ್ಷದ ಬಜೆಟ್ ಅಂದರು. ಸಂಜೆ ಮಾರ್ಕೆಟ್ಟಿಗೆ ಹೋಗಿ ಮಂಗಳೂರಿಂದ ಬಂಗುಡೆ ತುಂಬಿ ಬರುವ ಥರ್ಮೋಕೋಲ್ ಪೆಟ್ಟಿಗೆ ಒಂದನ್ನು ಕೇಳಿ ತಂದೆ. ಸೋಪು ಹಾಕಿ ಎರಡು ಸಲ ತೊಳೆದು, ಬಿಸಿಲಿಗಿಟ್ಟು, ಸುರುಳಿಯನ್ನು ಒಳಗಿಟ್ಟು, ಕನೆಕ್ಟರ್ ಎಳೆಗಳಿಗೆ ಮೂಲೆಯಲ್ಲಿ ತೂತು ಕೊರೆದೆ. 18 ನಿಮಿಷದ ಅಲೆ ಗ್ರಾಫಿನಿಂದ ಮಾಯ. ದಿನವಿಡೀ ನಿಧಾನಕ್ಕೆ ಏರಿ ಇಳಿಯುವ ಒಂದು ಉಬ್ಬು ಉಳಿದಿದೆ, ಅದಕ್ಕೆ ಹೀಟರ್ ಕಟ್ಟಬೇಕು. ಫೋನಿನಲ್ಲಿ ಹೇಳಿದರೆ ಅಮ್ಮ, “ಲ್ಯಾಬಿಗೆ ಮೀನಿನ ಪೆಟ್ಟಿಗೆ ಎಂತಕ್ಕೆ ಮಾರಾಯ್ತಿ, ಬೆಕ್ಕು ಬರುದಿಲ್ವಾ?” ಅಂದಳು.

ಬೆಕ್ಕು ಬಂದಿಲ್ಲ. ಈಗಿನ ತಕರಾರು ಸದ್ದಿನದು: ಯಾರಾದರೂ ಬಾಗಿಲು ಧಡಾರನೆ ಹಾಕಿದರೆ ಗೆರೆಯ ಬುಡ ಇನ್ನೂ ನಡುಗುತ್ತದೆ.