ಒಂಟಿಕೊಂಬಿನ ಕುದುರೆ, ಅಜ್ಜನ ಹೆಗಲು

21 ಜುಲೈ 2024, ಭಾನುವಾರ
ಹಾಸನ

ರಾತ್ರಿ ಹತ್ತೂವರೆ. ಮಳೆ ಬೆಳಗಿನಿಂದ ಒಂದೇ ಸಮ ಹುಯ್ಯುತ್ತಿದೆ. ತಮ್ಮನ ಮಗ ನಡುಮನೆಯಲ್ಲಿ ಕೂತು ಬ್ಯಾಗು ತುಂಬಿಕೊಳ್ಳುತ್ತಿದ್ದಾನೆ. ನಾಳೆ ಆರು ಗಂಟೆ ಬಸ್ಸಿಗೆ ಮೈಸೂರಿಗೆ ಹೊರಡಬೇಕು, ಕಾಲೇಜಿದೆ. ಶುಕ್ರವಾರ ರಾತ್ರಿ ಬಂದಾಗಿನಿಂದ ನಾವಿಬ್ಬರೂ ಆಡಿದ್ದು ಒಂದೇ ಮಾತು: 'ಬ್ಲೇಡ್ ರನ್ನರ್' ಚಿತ್ರದ ಡೆಕರ್ಡ್ ಹುಟ್ಟಿದ ಮನುಷ್ಯನೋ, ತಯಾರಾದವನೋ? ಇವತ್ತು ಸಂಜೆ ಆ ಮಾತು ನಮ್ಮ ಅಡುಗೆಮನೆಗೇ ಬಂದು ಕೂತಿತು. ಅದಕ್ಕೇ ಬರೆದಿಡುತ್ತಿದ್ದೇನೆ.

'ಬ್ಲೇಡ್ ರನ್ನರ್' ನೋಡದವರಿಗೆ ಎರಡು ಮಾತು. ರಿಡ್ಲಿ ಸ್ಕಾಟ್ 1982ರಲ್ಲಿ ಮಾಡಿದ ಚಿತ್ರ. ಕತೆ ನಡೆಯುವುದು 2019ರ ಲಾಸ್ ಏಂಜಲೀಸ್‌ನಲ್ಲಿ. ಮನುಷ್ಯರ ಹಾಗೇ ಇರುವ, ಆದರೆ ಕಂಪನಿಯಲ್ಲಿ ತಯಾರಾದ ಜೀವಗಳನ್ನು ಭೂಮಿಯಾಚೆಗಿನ ನೆಲೆಗಳಲ್ಲಿ ಜೀತಕ್ಕಿಟ್ಟಿರುತ್ತಾರೆ. ರೆಪ್ಲಿಕಂಟ್ ಅಂತ ಅವರ ಹೆಸರು, ನಾಲ್ಕೇ ವರ್ಷ ಆಯಸ್ಸು. ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಹುಡುಕಿ ಕೊಲ್ಲುವವನು ಡೆಕರ್ಡ್. ಹ್ಯಾರಿಸನ್ ಫೋರ್ಡ್ ಮಾಡಿದ ಪಾತ್ರ. ಯಾರು ಮನುಷ್ಯರು, ಯಾರಲ್ಲ ಎಂದು ತಿಳಿಯಲು ವಾಯ್ಟ್-ಕಾಂಫ್ ಎಂಬ ಪರೀಕ್ಷೆ ಇದೆ. ಮನಸ್ಸು ಕಲಕುವ ಪ್ರಶ್ನೆ ಕೇಳುತ್ತಾ ಕಣ್ಣಿನ ಪಾಪೆ ಹಿಗ್ಗಿ ಕುಗ್ಗುವುದನ್ನು ನೋಡುತ್ತಾರೆ. ರೇಚಲ್ ಎಂಬ ಹುಡುಗಿಗೆ ತಾನು ರೆಪ್ಲಿಕಂಟ್ ಅಂತಲೇ ಗೊತ್ತಿರುವುದಿಲ್ಲ, ಅವಳನ್ನು ಪತ್ತೆ ಹಚ್ಚಲು ನೂರಕ್ಕಿಂತ ಹೆಚ್ಚು ಪ್ರಶ್ನೆ ಬೇಕಾಗುತ್ತವೆ. ಅವಳಲ್ಲಿರುವ ಬಾಲ್ಯದ ನೆನಪೆಲ್ಲ ಕಂಪನಿಯ ಯಜಮಾನನ ಒಡಹುಟ್ಟಿದವರ ಮಗಳದು. ಒಂದು ರಾತ್ರಿ ಅವಳು ಡೆಕರ್ಡ್‌ನನ್ನು ಕೇಳುತ್ತಾಳೆ, ಆ ಪರೀಕ್ಷೆಯನ್ನು ನೀನು ಯಾವತ್ತಾದರೂ ತೆಗೆದುಕೊಂಡಿದ್ದೀಯಾ ಅಂತ. ಉತ್ತರ ಬರುವುದಿಲ್ಲ. ಅವನು ನಿದ್ದೆ ಹೋಗಿರುತ್ತಾನೆ.

ನಾನು ಇದನ್ನು ಮೊದಲು ನೋಡಿದ್ದು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ, ಗೆಳತಿಯ ಮನೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ. ಅದು 1982ರ ಪ್ರತಿ. ಡೆಕರ್ಡ್ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ದನಿ ಅದರಲ್ಲಿತ್ತು. ಕೊನೆಗೆ ರೇಚಲ್‌ಳನ್ನು ಕೂರಿಸಿಕೊಂಡು ಹಸಿರು ಬೆಟ್ಟಗಳ ನಡುವೆ ಹೋಗುತ್ತಿದ್ದ. ನನ್ನ ಪಾಲಿಗೆ ಅವನು ಮಾಡುವ ಕೆಲಸದ ಮೇಲೆ ಹೇಸಿಗೆ ಹುಟ್ಟಿದ, ದಣಿದ ಮನುಷ್ಯ. ಹುಡುಗ ನೋಡಿದ್ದು 2007ರ ಅಂತಿಮ ಪ್ರತಿ. ನಿನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಅದನ್ನೇ ಹಾಕಿದ. ಇಷ್ಟು ದಿನ ಫೋನಿನಲ್ಲಿ ನಾವು ಜಗಳ ಆಡಿದ್ದು ಒಂದೇ ಹೆಸರಿನ ಎರಡು ಚಿತ್ರಗಳ ಬಗ್ಗೆ ಅಂತ ಆಗ ತಿಳಿಯಿತು.

ಅವನ ಗಟ್ಟಿ ಸಾಕ್ಷಿ ಒಂಟಿಕೊಂಬಿನ ಕುದುರೆ. ಡೆಕರ್ಡ್ ಪಿಯಾನೊ ಮುಂದೆ ಕೂತಿರುವಾಗ ಕಾಡಿನೊಳಗಿಂದ ಬಿಳಿಯ ಯೂನಿಕಾರ್ನ್ ಓಡಿಬರುವುದು ಅವನ ಒಳಗಣ್ಣಿಗೆ ಕಾಣುತ್ತದೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಮನೆಯ ಬಾಗಿಲ ಹೊರಗೆ, ಗ್ಯಾಫ್ ಎಂಬ ಪೊಲೀಸ್ ಮಡಿಸಿಟ್ಟುಹೋದ ಪುಟ್ಟ ಕಾಗದದ ಯೂನಿಕಾರ್ನ್ ಸಿಗುತ್ತದೆ.

"ಯಾರಿಗೂ ಹೇಳದೇ ಇರೋ ಕನಸು ಗ್ಯಾಫ್‌ಗೆ ಹೆಂಗ್ ಗೊತ್ತಾಯ್ತು ಹೇಳಿ ಅತ್ತೆ? ಫೈಲಲ್ಲಿ ಇರಬೇಕು. ರೇಚಲ್ ನೆನಪೆಲ್ಲ ಡೆಕರ್ಡ್‌ಗೆ ಗೊತ್ತಿತ್ತಲ್ಲ, ಹಂಗೇ."

ನಾನು ಹೇಳಿದೆ: ಕಾಗದದ ಕುದುರೆ 1982ರಲ್ಲೂ ಇತ್ತು ಕಣೋ, ಕನಸು ಇರಲಿಲ್ಲ. ಕನಸು ಸೇರಿದ್ದು 1992ರ ಪ್ರತಿಯಲ್ಲಿ. ನಾನು ನೋಡಿದಾಗ ಆ ಕಾಗದಕ್ಕೆ ಇದ್ದದ್ದು ಒಂದೇ ಅರ್ಥ. ಗ್ಯಾಫ್ ಇಲ್ಲಿಗೆ ಬಂದಿದ್ದ, ರೇಚಲ್‌ಳನ್ನು ಕೊಲ್ಲದೆ ಬಿಟ್ಟುಹೋದ. ಹತ್ತು ವರ್ಷ ಆದಮೇಲೆ ಹೊಸ ತುಣುಕು ಸೇರಿಸಿ, ಮೊದಲಿಂದಲೂ ಅವನು ರೆಪ್ಲಿಕಂಟೇ ಅನ್ನುವುದು ಯಾವ ನ್ಯಾಯ? ಸ್ಕಾಟ್ ಹಾಗೆ ಹೇಳುತ್ತಾರೆ ನಿಜ. ನೋಡುವವರ ಪರವಾಗಿ ಅಲ್ಲೊಬ್ಬ ಮನುಷ್ಯ ಇರಲೇಬೇಕು ಎಂದು ಫೋರ್ಡ್ ವರ್ಷಗಟ್ಟಲೆ ವಾದಿಸಿದ್ದೂ ಅಷ್ಟೇ ನಿಜ. ಮೂಲವಾದ 1968ರ ಫಿಲಿಪ್ ಕೆ. ಡಿಕ್ ಕಾದಂಬರಿಯಲ್ಲಂತೂ ಅವನು ಮನುಷ್ಯನೇ. ಡಿಕ್ ತೀರಿಕೊಂಡಿದ್ದು ಚಿತ್ರ ತೆರೆಗೆ ಬರುವ ಕೆಲವೇ ತಿಂಗಳ ಮುಂಚೆ.

ಲೆಕ್ಕದ ವಾದವೂ ಬಂತು. ಹಳೆಯ ಪ್ರತಿಯಲ್ಲಿ ಪೊಲೀಸ್ ಮುಖ್ಯಸ್ಥ ಆರು ಜನ ತಪ್ಪಿಸಿಕೊಂಡರು, ಒಬ್ಬ ಸತ್ತ ಅನ್ನುತ್ತಾನೆ. ತೆರೆಯ ಮೇಲೆ ಬರುವವರು ನಾಲ್ಕೇ. ಉಳಿದೊಬ್ಬ ಡೆಕರ್ಡ್ ಅಂತ ಎಷ್ಟೋ ಜನ ನಂಬಿದ್ದರು. 2007ರಲ್ಲಿ ಅದನ್ನು ಇಬ್ಬರು ಸತ್ತರು ಅಂತ ತಿದ್ದಿದರು, ವಾದ ಅಲ್ಲಿಗೆ ಮುಗಿಯಿತು.

ಕಣ್ಣಿನದು ಹಾಗಲ್ಲ. ರೆಪ್ಲಿಕಂಟ್‌ಗಳ ಕಣ್ಣು, ಕಂಪನಿಯ ಕೃತಕ ಗೂಬೆಯ ಕಣ್ಣು ಕೆಲವು ಕಡೆ ಕೆಂಡದ ಹಾಗೆ ಹೊಳೆಯುತ್ತವೆ. ಒಂದು ದೃಶ್ಯದಲ್ಲಿ ರೇಚಲ್ ಹಿಂದೆ ಮಸುಕಾಗಿ ನಿಂತ ಡೆಕರ್ಡ್‌ನ ಕಣ್ಣೂ ಹೊಳೆಯುತ್ತದೆ. ಹುಡುಗ ಅಲ್ಲೇ ನಿಲ್ಲಿಸಿ ತೋರಿಸಿದ. ಹೊಳೆದದ್ದು ಹೌದು. ನಾನು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಬೆಕ್ಕು, ದನ, ಚಿರತೆಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪೊರೆ ಇರುತ್ತದೆ. ಟಾರ್ಚ್ ಬಿಟ್ಟರೆ ಬೆಳಕು ಅದಕ್ಕೆ ತಾಗಿ ವಾಪಸ್ಸು ಬರುತ್ತದೆ. ಮನುಷ್ಯರಿಗೆ ಆ ಪೊರೆ ಇಲ್ಲ. ಹಾಗಾಗಿ ಈ ಸಾಕ್ಷಿಯ ಮುಂದೆ ನನ್ನ ಬಾಯಿ ಕಟ್ಟಿತು. ಈಗಲೂ ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಇವತ್ತು ಬೆಳಿಗ್ಗೆ ಮಳೆಯಲ್ಲೇ ಬೇಲೂರಿಗೆ ಹೋಗಿಬಂದೆವು. ದೊಡ್ಡ ಗುಡಿಯ ಪಕ್ಕದ ಕಪ್ಪೆ ಚನ್ನಿಗರಾಯನ ಗುಡಿ ನನಗೆ ಚಿಕ್ಕಂದಿನಿಂದ ಇಷ್ಟ. ಶಾಂತಲಾದೇವಿ ಕಟ್ಟಿಸಿದ್ದು, ದೊಡ್ಡ ಗುಡಿಯ ಕಾಲದ್ದೇ, 1117ರದು. ಕತೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆ ಅಂದನಂತೆ ಹುಡುಗ ಡಂಕಣ. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ.

"ಇದೇ ಕಣತ್ತೆ ವಾಯ್ಟ್-ಕಾಂಫ್! ಹೊರಗಿಂದ ನೋಡಿದ್ರೆ ಎಲ್ಲ ಸರಿ, ಗಂಧ ಹಚ್ಚಿದ್ರೇನೆ ಗೊತ್ತಾಗೋದು."

ಅವನು ಹೇಳಿದ್ದು ನನ್ನ ಮನಸ್ಸಿಗೆ ತುಂಬಾ ಹಿಡಿಸಿತು. ಆದರೆ ಆ ಕತೆಯಲ್ಲಿ ಪರೀಕ್ಷೆಗೆ ಸಿಕ್ಕಿಬಿದ್ದದ್ದು ಏನು? ಜೀವ. ಉಳಿದ ಕಲ್ಲೆಲ್ಲ ಬರೀ ಕಲ್ಲು, ದೋಷವಿದ್ದ ಜಾಗದಲ್ಲೇ ಒಂದು ಪ್ರಾಣಿ ಉಸಿರಾಡುತ್ತಿತ್ತು. ಹಾಗಂತ ಅವನಿಗೆ ಹೇಳಿದೆ. ಅವನು ಮಾತಾಡದೆ ಕೊಡೆ ಹಿಡಿದುಕೊಂಡು ಮದನಿಕೆಯರ ಕಡೆ ನಡೆದ. ಜಕಣಾಚಾರಿಯದು ಜನರ ಬಾಯಲ್ಲಿ ಬೆಳೆದ ಕತೆ. ಇಲ್ಲಿನ ಶಿಲ್ಪಗಳ ಕೆಳಗೆ ಹೆಸರು ಕೊರೆದಿಟ್ಟವರಲ್ಲಿ ನಿಜವಾದ ಒಬ್ಬ ಅಪ್ಪ, ಮಗ ಇದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಚಿತ್ರದಲ್ಲೂ ಕೃತಕ ಹಾವಿನ ಹುರುಪೆಯೊಂದರ ಮೇಲೆ ಮಾಡಿದವರ ಗುರುತಿನ ಸಂಖ್ಯೆ ಸೂಕ್ಷ್ಮದರ್ಶಕದಲ್ಲಿ ಸಿಗುತ್ತದೆ. ಡೆಕರ್ಡ್ ಮೈಮೇಲೆ ಅಂಥ ಗುರುತು ಯಾರೂ ಹುಡುಕಲಿಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ ನನ್ನ ಮುಖ್ಯ ವಾದ ಹೇಳಿದೆ. ಕೊನೆಯಲ್ಲಿ ಡೆಕರ್ಡ್ ಮಳೆಯಲ್ಲಿ ಮಹಡಿಯ ತೊಲೆ ಹಿಡಿದು ಜೋತಾಡುತ್ತಿರುತ್ತಾನೆ. ತಪ್ಪಿಸಿಕೊಂಡ ರೆಪ್ಲಿಕಂಟ್‌ಗಳ ನಾಯಕ ರಾಯ್ ಬ್ಯಾಟಿಗೆ ಉಳಿದಿರುವುದು ಕೆಲವೇ ನಿಮಿಷ. ಕೈ ಮರಗಟ್ಟಬಾರದೆಂದು ಅಂಗೈಗೆ ಮೊಳೆ ಚುಚ್ಚಿಕೊಂಡಿದ್ದಾನೆ. ಡೆಕರ್ಡ್ ಅವನ ಜೊತೆಯವರನ್ನು ಕೊಂದವನು, ಜಾರಿ ಬೀಳುತ್ತಾನೆ ಅನ್ನುವಾಗ ಬ್ಯಾಟಿಯೇ ಮಣಿಕಟ್ಟು ಹಿಡಿದು ಮೇಲೆತ್ತುತ್ತಾನೆ. ಡೆಕರ್ಡ್ ರೆಪ್ಲಿಕಂಟ್ ಆದರೆ ಅದು ತನ್ನವನನ್ನೇ ಉಳಿಸಿಕೊಂಡ ಹಾಗಾಯಿತು. ಮನುಷ್ಯನಾದರೆ, ತನ್ನನ್ನು ಜೀತಕ್ಕಿಟ್ಟ ಕುಲದವನಿಗೆ, ಬೇಟೆಗಾರನಿಗೆ, ಸಾಯುವ ಗಳಿಗೆಯಲ್ಲಿ ಪ್ರಾಣ ಕೊಟ್ಟ ಹಾಗೆ. ಆ ಕೈಯ ತೂಕ ಉಳಿಯಬೇಕಾದರೆ ಡೆಕರ್ಡ್ ಮನುಷ್ಯನೇ ಆಗಿರಬೇಕು. ಇದನ್ನು ನಾನು ಬಿಟ್ಟುಕೊಡಲಾರೆ.

ಬ್ಯಾಟಿ ಸಾಯುವುದನ್ನು ನೋಡುವಾಗೆಲ್ಲ ನನಗೆ ಅಪ್ಪ ನೆನಪಾಗುತ್ತಾರೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೊ ಕೇಂದ್ರ, ಹಾಸನದ ಎಂಸಿಎಫ್, ಶುರುವಾದದ್ದೂ 1982ರಲ್ಲೇ. ಅಪ್ಪ ಅಲ್ಲಿ ಕೆಲಸದಲ್ಲಿದ್ದರು. ಉಪಗ್ರಹದ ಯಂತ್ರಗಳೆಲ್ಲ ಚೆನ್ನಾಗಿದ್ದರೂ ಇಂಧನ ಮುಗಿದರೆ ಅದರ ಬಾಳು ಮುಗಿದ ಹಾಗೆ. ಕೊನೆಯಲ್ಲಿ ಉಳಿಸಿಕೊಂಡ ಚೂರು ಇಂಧನದಲ್ಲಿ ಅದನ್ನು ಇನ್ನೂ ಮೇಲಿನ ಕಕ್ಷೆಗೆ ತಳ್ಳಿ ಸುಮ್ಮನಾಗಿಸುತ್ತಾರೆ. ಅಂಥ ದಿನ ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, "ಇವತ್ತು ಒಂದರ ಆಯಸ್ಸು ತೀರ್ತು" ಅನ್ನುತ್ತಿದ್ದರು. ಊಟ ಅರ್ಧಕ್ಕೇ ಏಳುತ್ತಿದ್ದರು.

ಸಂಜೆ ಅಮ್ಮ ಕಳಲೆ ಹೆಚ್ಚುತ್ತಾ ಕೂತಿದ್ದರು. ಹುಡುಗ ಅವರಿಗೂ ಪರೀಕ್ಷೆ ಮಾಡುತ್ತೇನೆ ಅಂತ ಚಿತ್ರದ ಆಮೆಯ ಪ್ರಶ್ನೆ ಕೇಳಿದ. ಮರುಭೂಮಿ, ಅಂಗಾತ ಬಿದ್ದ ಆಮೆ, ಹೊಟ್ಟೆ ಬಿಸಿಲಿಗೆ ಬೇಯುತ್ತಿದೆ, ನೀವು ಸಹಾಯ ಮಾಡುತ್ತಿಲ್ಲ, ಯಾಕೆ? ಚಿತ್ರದಲ್ಲಿ ಈ ಪ್ರಶ್ನೆ ಕೇಳಿ ಲಿಯಾನ್ ಎಂಬ ರೆಪ್ಲಿಕಂಟ್ ತಡವರಿಸುತ್ತಾನೆ. ಅಮ್ಮ ಕತ್ತಿ ಪಕ್ಕಕ್ಕಿಟ್ಟು, "ಅದನ್ನ ತಿರುಗಿಸಿ ಬಿಟ್ಟು ಬಾರೋ ಮೊದ್ಲು, ಆಮೇಲೆ ಕೇಳುವಂತೆ" ಅಂದರು.

ಅದೇ ಮಾತಿನ ನಡುವೆ ನಾನು ಬೇಲೂರಿನ ಸುದ್ದಿ ತೆಗೆದೆ. ತೇರಿನ ದಿನ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಪುರದ ಎದುರು ನಿಂತಿದ್ದರು. ಅವರ ತಲೆಗೂದಲು ಹಿಡಿದುಕೊಂಡಿದ್ದೆ. ಹೆಗಲ ವಲ್ಲಿಯಿಂದ ನಶ್ಯದ ವಾಸನೆ ಬರುತ್ತಿತ್ತು. ಜನ ಎಸೆದ ಬಾಳೆಹಣ್ಣೊಂದು ನನ್ನ ಮೊಣಕಾಲಿಗೆ ಬಡಿದಿತ್ತು. ಇವತ್ತು ಬೆಳಿಗ್ಗೆ ಹುಡುಗನಿಗೆ ಆ ಜಾಗ ತೋರಿಸಿದ್ದೆ.

ಅಮ್ಮ ನನ್ನನ್ನೇ ನೋಡಿದರು. "ನೀನೆಲ್ಲಿದ್ದೆ ಆಗ? ಮಾವ ಹೋಗಿ ವರ್ಷದ ಮೇಲೆ ನೀನು ಹುಟ್ಟಿದ್ದು. ಹೆಗಲ ಮೇಲಿದ್ದದ್ದು ನಿಮ್ಮಣ್ಣ. ಆ ಕತೇನ ನಿನಗೆ ತುತ್ತು ತಿನ್ನಿಸುವಾಗ ದಿನಾ ಹೇಳ್ತಿದ್ದೆ."

ಅಜ್ಜ ನಾನು ಹುಟ್ಟುವ ಮುಂಚೆ ಹೋದರು ಅನ್ನುವುದು ನನಗೆ ಗೊತ್ತಿರುವ ವಿಷಯವೇ. ಅವರ ತಿಥಿಗೆ ಪ್ರತಿ ವರ್ಷ ಎಲೆ ಹಾಕಿದ್ದೇನೆ. ಆ ತಿಳಿವಳಿಕೆಯೂ ಈ ಹೆಗಲೂ ಇಷ್ಟು ವರ್ಷ ನನ್ನೊಳಗೆ ಒಂದಕ್ಕೊಂದು ತಾಕದೆ ಇದ್ದದ್ದು ಹೇಗೆ? ನಶ್ಯದ ವಾಸನೆಯನ್ನು ಅಮ್ಮ ಹೇಳಿರಬಹುದು. ಮೊಣಕಾಲಿಗೆ ತಾಗಿದ ಬಾಳೆಹಣ್ಣು? ನನಗೆ ಮೈ ಜುಮ್ಮೆಂದಿತು.

ಹುಡುಗ ಗೆದ್ದೆ ಅಂತ ಕುಣಿಯುತ್ತಾನೆ ಅಂದುಕೊಂಡೆ. ಅವನು ನನ್ನ ಪಕ್ಕ ಬಂದು ಕೂತ. ತುಂಬಾ ಹೊತ್ತಾದ ಮೇಲೆ ಹೇಳಿದ: "ಅತ್ತೆ, ನಿಮ್ಮೊಳಗಿರೋ ನೆನಪು ಅಜ್ಜಿಗೆ ಮೊದ್ಲೇ ಗೊತ್ತಿತ್ತು. ಹಂಗಾದ್ರೆ ಗ್ಯಾಫ್‌ಗೆ ಗೊತ್ತಿತ್ತು ಅನ್ನೋದ್ರಿಂದ ಏನೂ ಸಾಬೀತಾಗಲ್ಲ ಅಲ್ವಾ?" ಕಣ್ಣಿನ ಹೊಳಪು ಮಾತ್ರ ಬಿಡುವುದಿಲ್ಲವಂತೆ. ಮುಂದಿನ ಸಲ ಬಂದಾಗ 1982ರ ಪ್ರತಿ ನೋಡೋಣ ಅಂದಿದ್ದಾನೆ, ಕನಸಿಲ್ಲದ್ದು.

ಊಟವಾದ ಮೇಲೆ ಶಿವಮೊಗ್ಗದ ಅಣ್ಣನಿಗೆ ಫೋನ್ ಮಾಡಿದೆ. ಬೇಲೂರಿನ ತೇರು, ಅಜ್ಜನ ಹೆಗಲು, ಬಾಳೆಹಣ್ಣು, ಎಲ್ಲ ಬಿಡಿಸಿ ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಅವನಿಗೆ ಅಜ್ಜನ ಮುಖವೇ ನೆನಪಿಲ್ಲವಂತೆ. "ಇನ್ನೊಂದ್ಸಲ ಹೇಳು, ಹೆಂಗಿದ್ರು?" ಅಂದ. ಹೇಳಿದೆ.