ಅವ್ವನ ಕಂಬಳಿ

ಮಗಳ ಜೊತೆ ರಾತ್ರಿ ಹೊರಗೆ ಟೆಂಟಿನಲ್ಲಿ ಮಲಗಿ, ಬೆಳಿಗ್ಗೆ ಗಂಗಾವತಿಗೆ ವಾಪಸ್ ಬಂದು ಕಾರಿನ ಡಿಕ್ಕಿ ಖಾಲಿ ಮಾಡುವಾಗ ಮೊದಲು ಕೈಗೆ ಸಿಕ್ಕಿದ್ದು ಅವ್ವನ ಕರಿ ಕಂಬಳಿ. ಅಂಚಿಗೆಲ್ಲ ಒಣಹುಲ್ಲು, ಒಂದು ಮೂಲೆಯಲ್ಲಿ ಮಗಳು ಚೆಲ್ಲಿದ ಚಹಾದ ಕಲೆ.

ಹೊರಡುವಾಗ ನಾನೇ ಬೇಡ ಅಂದಿದ್ದೆ. ಟೆಂಟ್ ಇದೆ, ಗಾಳಿ ತುಂಬುವ ಹಾಸಿಗೆ ಇದೆ, ಹೊದಿಯೋಕೆ ರಗ್ಗು ಇದೆ, ಇನ್ನೇನು ಬೇಕು ಅಂತ. ಅವ್ವ ಮಾತಾಡದೆ ಸೀಟಿನ ಕೆಳಗೆ ತುರುಕಿದ್ದಳು.

ರಾತ್ರಿ ಎರಡು ಗಂಟೆಗೆ, ಆನೆಗುಂದಿ ಹತ್ತಿರದ ತೋಟದಲ್ಲಿ, ಮಗಳು ನಡುಗುತ್ತಾ ಎದ್ದಳು. ಮೇಲೆ ಎಷ್ಟು ಹೊದಿಸಿದರೂ ಅಷ್ಟೇ. ಚಳಿ ಬರ್ತಿದ್ದದ್ದು ಕೆಳಗಿಂದ! ಹಾಸಿಗೆಯೊಳಗಿನ ಗಾಳಿಯೇ ತಣ್ಣಗಾದರೆ ಮೈ ಬೆಚ್ಚಗಿರೋದು ಹೇಗೆ ಅಲ್ವಾ? ಕಂಬಳಿ ಮಡಚಿ ಅವಳ ಬೆನ್ನಿನ ಅಡಿಗೆ ಹಾಸಿದೆ. ಹತ್ತು ನಿಮಿಷಕ್ಕೆ ನಿದ್ದೆ ಹತ್ತಿತು. ನನಗೆ ಮಾತ್ರ ಬಹಳ ಹೊತ್ತು ಹತ್ತಲಿಲ್ಲ, ಅವ್ವನದೇ ನೆನಪು.

ಮಕ್ಕಳನ್ನು ಕರ್ಕೊಂಡು ಹೋಗೋರು ಇದೊಂದು ಕೇಳಿ. ನಮ್ಮ ಕಡೆ ನೆಲ ಗೊತ್ತಲ್ಲ, ನಾಲ್ಕು ಬೆರಳು ಮಣ್ಣು, ಕೆಳಗೆ ಬಂಡೆ. ಟೆಂಟ್ ಜೊತೆ ಬಂದ ತೆಳು ಗೂಟಗಳಲ್ಲಿ ಮೂರು ಬಾಗಿಹೋದವು, ಕೊನೆಗೆ ಹಗ್ಗವನ್ನು ದೊಡ್ಡ ಕಲ್ಲುಗಳಿಗೆ ಸುತ್ತಿ ಕಟ್ಟಿದೆ. ಹಾಗಾಗಿ ಹಗ್ಗ ಜಾಸ್ತಿ ಇರಲಿ, ಒಂದು ಸುತ್ತಿಗೆ, ಟೆಂಟಿನ ಅಡಿಗೆ ತಾಡಪತ್ರಿ, ತಲೆಗೆ ಕಟ್ಟುವ ಟಾರ್ಚ್, ಎರಡು ಕ್ಯಾನ್ ನೀರು. ಎಷ್ಟೇ ಚಳಿ ಇದ್ದರೂ ಟೆಂಟಿನೊಳಗೆ ಒಲೆ, ಕೆಂಡ ಇಡಲೇಬೇಡಿ. ಅದರ ವಿಷಗಾಳಿಗೆ ವಾಸನೆಯೂ ಇರಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ.

ಕಂಬಳಿ ಈಗ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದ್ದೇನೆ. "ಒಗೀಬ್ಯಾಡ, ಸುಮ್ನ ಜಾಡಿಸು" ಅಂದಳು ಅವ್ವ.