ಹನ್ನೆರಡು ವರ್ಷದ ಗಡುವು

ನಿನ್ನೆ ಸಂಜೆ ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ದಿನಸಿ ಅಂಗಡಿಯ ಬಾಗಿಲಲ್ಲಿ ಹುಡುಗನೊಬ್ಬ ಯಾವುದೋ ಪ್ರಸ್ತಾವಕ್ಕೆ ಸಹಿ ಕೇಳುತ್ತ ನಿಂತಿದ್ದ. ಕೊತ್ತಂಬರಿ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಹಾಳೆಯ ಸಣ್ಣಕ್ಷರಗಳನ್ನು ಓದುವಾಗ, ರಾಜ್ಯದ ಶಾಸಕರ ಅಧಿಕಾರಾವಧಿಗೆ ಮಿತಿ ಹಾಕಿದ 1990ರ 140ನೇ ಪ್ರಸ್ತಾವ ನೆನಪಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾಯಿಸಿದ ಮತಗಳ ಶೇ. 8ರಷ್ಟು ಸಹಿ ಸಂಗ್ರಹಿಸಿದರೆ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯನ್ನು ಮತದಾರರೇ ಮುಂದಿಡಬಹುದು. ಹಾಗೆ ಬಂದ ಆ ಪ್ರಸ್ತಾವವು ಸುಮಾರು ಶೇ. 52ರಷ್ಟು ಮತ ಪಡೆದು, ಕೆಳಮನೆಯಾದ ಅಸೆಂಬ್ಲಿಯ ಸದಸ್ಯರಿಗೆ 6 ವರ್ಷ, ಮೇಲ್ಮನೆಯ ಸೆನೆಟರುಗಳಿಗೆ 8 ವರ್ಷದ ಮಿತಿ ವಿಧಿಸಿತು. 1980ರಿಂದ ಅಸೆಂಬ್ಲಿಯ ಸ್ಪೀಕರ್ ಪೀಠದಲ್ಲಿದ್ದ ವಿಲ್ಲಿ ಬ್ರೌನ್ ಅವರ ಮೇಲಿನ ಮುನಿಸೂ ಅದರ ಹಿಂದಿತ್ತು.

ನನಗೆ ಆ 6 ವರ್ಷ ತೀರಾ ಕಡಿಮೆ ಎನಿಸುತ್ತದೆ. ಬಜೆಟ್ಟಿನ ಒಳಸುಳಿ ಅರ್ಥವಾಗುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಶಾಸಕನಿಗಿಂತ, ವರ್ಷಾನುಗಟ್ಟಲೆ ಮೊಗಸಾಲೆಯಲ್ಲೇ ಬೀಡುಬಿಟ್ಟ ಲಾಬಿಗಾರನಿಗೆ ಹೆಚ್ಚು ತಿಳಿದಿರುವುದು ಸಹಜವೇ. 2012ರಲ್ಲಿ ಮತದಾರರೇ 28ನೇ ಪ್ರಸ್ತಾವದ ಮೂಲಕ ಇದನ್ನು ಸಡಿಲಿಸಿ, ಎರಡೂ ಸದನ ಸೇರಿ ಒಟ್ಟು 12 ವರ್ಷ, ಅಷ್ಟನ್ನೂ ಒಂದೇ ಸದನದಲ್ಲಿ ಕಳೆಯಬಹುದು ಎಂದರು. ಆದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗೆ ರಾಜ್ಯಗಳು ಇಂಥ ಮಿತಿ ಹಾಕುವಂತಿಲ್ಲವೆಂದು 1995ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತೀರ್ಪಿತ್ತಿದೆ. (ನಮ್ಮ ಕಡೆ ಸತತವಾಗಿ ಗೆದ್ದವರಿಗೆ ‘ಸೋಲಿಲ್ಲದ ಸರದಾರ’ ಎಂಬ ಬಿರುದು ಕೊಡುತ್ತೇವೆ!)

ಹುಡುಗ ಪೆನ್ನು ಚಾಚಿದ. ಮೂರನೆಯ ಪುಟ ಇನ್ನೂ ಓದಿಲ್ಲ ಎಂದೆ. ಆತ ಬೇಸರಿಸದೆ ನನ್ನ ಹಿಂದಿದ್ದವರ ಕಡೆ ತಿರುಗಿದ.